ಆಕ್ಟೇವ್‌ನಲ್ಲಿ ಬ್ಲಾಕ್ ಮಾತೃಕೆ ಕಟ್ಟುವುದು: ದಾವಣಗೆರೆಯ ಗಣಿತ ಲ್ಯಾಬಿನಿಂದ ಒಂದು ವಿಮರ್ಶೆ

ಗಣಿತದ ತಂತ್ರಾಂಶವೊಂದನ್ನು ಲ್ಯಾಬಿಗೆ ಆರಿಸುವಾಗ ಬಹಳ ಮಂದಿ ಅದರ ವೇಗವನ್ನೋ ಗ್ರಾಫ್‌ಗಳ ಅಂದವನ್ನೋ ನೋಡುತ್ತಾರೆ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಗಣಿತ ಕಲಿಸುವ ನಾನು ಮೊದಲು ನೋಡುವುದು ಬೇರೆಯದನ್ನು. ನಾಲ್ಕು ಸಣ್ಣ ಮಾತೃಕೆಗಳನ್ನು (ಅಡ್ಡಸಾಲು ಕಂಬಸಾಲುಗಳಲ್ಲಿ ಜೋಡಿಸಿದ ಅಂಕಿಗಳನ್ನು, ಎಂದರೆ ಮ್ಯಾಟ್ರಿಕ್ಸ್‌ಗಳನ್ನು) ಕೊಟ್ಟರೆ ಅವನ್ನು ಅಕ್ಕಪಕ್ಕ ಮತ್ತು ಮೇಲೆ ಕೆಳಗೆ ಜೋಡಿಸಿ ಒಂದು ದೊಡ್ಡ ಮಾತೃಕೆಯನ್ನು ಅದು ಎಷ್ಟು ಸಲೀಸಾಗಿ ಕಟ್ಟಿಕೊಡುತ್ತದೆ, ಜೋಡಣೆ ತಪ್ಪಿದಾಗ ಆ ತಪ್ಪನ್ನು ಎಷ್ಟು ಬೇಗ ಹೊರಗೆಡಹುತ್ತದೆ ಎಂಬುದೇ ನನ್ನ ಅಳತೆಗೋಲು. ಸಮೀಕರಣಗಳ ವ್ಯವಸ್ಥೆ, ಜಾಲಗಳ ಲೆಕ್ಕ, ನಿರ್ಬಂಧಗಳಿರುವ ಗರಿಷ್ಠ-ಕನಿಷ್ಠ ಸಮಸ್ಯೆ, ಉಷ್ಣ ಪ್ರಸರಣ, ಹೀಗೆ ಮುಂದಿನ ಸೆಮಿಸ್ಟರುಗಳಲ್ಲಿ ವಿದ್ಯಾರ್ಥಿ ಎದುರಿಸುವ ದೊಡ್ಡ ಮಾತೃಕೆಗಳಲ್ಲಿ ಹೆಚ್ಚಿನವು ಒಂದೊಂದೇ ಅಂಕಿಯನ್ನು ಟೈಪು ಮಾಡಿ ಕಟ್ಟುವಂಥವಲ್ಲ, ತುಂಡುಗಳಿಂದ ಕಟ್ಟುವಂಥವು. ಆ ಒಂದು ಕೆಲಸಕ್ಕೆ ಸೀಮಿತವಾಗಿ ಜಿಎನ್‌ಯು ಆಕ್ಟೇವ್ ಹೇಗಿದೆ ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇನೆ. ಪೈಥಾನ್ ಭಾಷೆಯ ಗಣಿತ ಲೈಬ್ರರಿಯಾದ ನಂಪೈ ಮತ್ತು ಇನ್ನೊಂದು ಗಣಿತ ತಂತ್ರಾಂಶವಾದ ಸೇಜ್‌ಮ್ಯಾತ್‌ಗಳ ಮಾತು ಹೋಲಿಕೆಗಾಗಿ ಬರುತ್ತದೆ.

ಆಕ್ಟೇವ್ ಜಿಪಿಎಲ್ ಪರವಾನಗಿಯ ಉಚಿತ ತಂತ್ರಾಂಶ. ಜಾನ್ ಈಟನ್ 1992ರಲ್ಲಿ ಅದರ ಪೂರ್ಣ ಪ್ರಮಾಣದ ಕೆಲಸ ಆರಂಭಿಸಿದರು, 1994ರಲ್ಲಿ 1.0 ಆವೃತ್ತಿ ಹೊರಬಂತು. ಭಾಷೆ ಬಹುಮಟ್ಟಿಗೆ ಮ್ಯಾಟ್‌ಲ್ಯಾಬ್ ಎಂಬ ವಾಣಿಜ್ಯ ತಂತ್ರಾಂಶದ್ದೇ ಆದ್ದರಿಂದ ಒಂದರಲ್ಲಿ ಬರೆದದ್ದು ಸಾಮಾನ್ಯವಾಗಿ ಇನ್ನೊಂದರಲ್ಲೂ ನಡೆಯುತ್ತದೆ. ಲೈಸೆನ್ಸ್ ಶುಲ್ಕವಿಲ್ಲ, ಒಮ್ಮೆ ಅಳವಡಿಸಿದ ಮೇಲೆ ಇಂಟರ್‌ನೆಟ್ ಬೇಕಿಲ್ಲ, ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತದೆ. ನಮ್ಮ ಕಡೆಯ ಲ್ಯಾಬುಗಳಿಗೆ ಈ ಮೂರು ಮಾತು ಸಾಕು.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ದಾವಣಗೆರೆ ಜಿಲ್ಲೆಯಲ್ಲಿ ದಾವಣಗೆರೆ, ಹರಿಹರ, ಜಗಳೂರು, ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಎಂದು 6 ತಾಲ್ಲೂಕುಗಳಿವೆ. ಚಿತ್ರದುರ್ಗ ಜಿಲ್ಲೆಯಲ್ಲಿಯೂ ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ, ಮೊಳಕಾಲ್ಮೂರು ಎಂದು 6. ಎರಡು ತಾಲ್ಲೂಕುಗಳು ಗಡಿ ಹಂಚಿಕೊಂಡಿದ್ದರೆ 1, ಇಲ್ಲದಿದ್ದರೆ 0 ಎಂದು ಬರೆದರೆ ದಾವಣಗೆರೆಯ ಒಳಗಿನ ಸಂಬಂಧಗಳಿಗೆ 6×6ರ ಒಂದು ಮಾತೃಕೆ ಸಿಗುತ್ತದೆ; ಅದನ್ನು ‘ದ’ ಎನ್ನೋಣ. ಚಿತ್ರದುರ್ಗದ ಒಳಗಿನದು ‘ಚ’. ಜಗಳೂರು–ಚಿತ್ರದುರ್ಗ, ಚನ್ನಗಿರಿ–ಹೊಳಲ್ಕೆರೆ ಇಂಥ ಜಿಲ್ಲಾ ಗಡಿ ದಾಟುವ ಸಂಬಂಧಗಳು ಮೂರನೆಯ ಮಾತೃಕೆ ‘ಗ’ದಲ್ಲಿ ಕೂರುತ್ತವೆ. ಇವನ್ನು ಸೇರಿಸಿ ಎರಡೂ ಜಿಲ್ಲೆಗಳ 12×12 ಮಾತೃಕೆ ಬೇಕೆಂದಾದರೆ ಆಕ್ಟೇವ್‌ನಲ್ಲಿ ಬರೆಯಬೇಕಾದದ್ದು ಇಷ್ಟೇ:

ಮ = [ದ, ಗ; ಗ', ಚ]

ಅಲ್ಪವಿರಾಮ ಪಕ್ಕಕ್ಕೆ ಜೋಡಿಸುತ್ತದೆ, ಅರ್ಧವಿರಾಮ ಕೆಳಗಿನ ಸಾಲಿಗೆ ಇಳಿಸುತ್ತದೆ, ಉದ್ಧರಣ ಚಿಹ್ನೆ ಅಡ್ಡಸಾಲು ಕಂಬಸಾಲುಗಳನ್ನು ಅದಲುಬದಲು ಮಾಡುತ್ತದೆ. ಕಪ್ಪುಹಲಗೆಯ ಮೇಲೆ ಬರೆಯುವುದಕ್ಕೂ ಇದಕ್ಕೂ ಅಂತರವೇ ಇಲ್ಲ. (ಇಲ್ಲಿ ಓದಿನ ಸಲುವಾಗಿ ಕನ್ನಡ ಅಕ್ಷರಗಳನ್ನು ಬಳಸಿದ್ದೇನೆ. ಆಕ್ಟೇವ್‌ನಲ್ಲಿ ಮಾತೃಕೆಗಳ ಹೆಸರು ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು. ಪೈಥಾನ್ 3 ಮಾತ್ರ ‘ದ’, ‘ಗ’, ‘ಚ’ ಎಂಬ ಹೆಸರುಗಳನ್ನು ಯಾವ ತಕರಾರೂ ಇಲ್ಲದೆ ಒಪ್ಪುತ್ತದೆ, ಇದು ಬಹಳ ವಿದ್ಯಾರ್ಥಿಗಳಿಗೆ ತಿಳಿದಿಲ್ಲ.)

ತುಂಡುಗಳಿಂದ ಕಟ್ಟಿದ್ದರ ಲಾಭ ಕಾಣುವುದು ಗುಣಾಕಾರದಲ್ಲಿ. ಮ ಮಾತೃಕೆಯ ವರ್ಗವನ್ನು ತೆಗೆದುಕೊಂಡರೆ ಅದರ ಬಲ ಮೇಲ್ಭಾಗದ 6×6 ತುಂಡು, ದಾವಣಗೆರೆ ಜಿಲ್ಲೆಯ ಒಂದು ತಾಲ್ಲೂಕಿನಿಂದ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕಿಗೆ ಸರಿಯಾಗಿ ಎರಡು ಗಡಿ ದಾಟಿ ಹೋಗುವ ದಾರಿಗಳೆಷ್ಟು ಎಂಬುದನ್ನು ಹೇಳುತ್ತದೆ. ಬ್ಲಾಕ್ ಗುಣಾಕಾರದ ನಿಯಮದಂತೆ ಆ ತುಂಡು ದ*ಗ + ಗ*ಚ ಆಗಿರಬೇಕು. ಮೊದಲ ಪದ, ಮೊದಲು ಸ್ವಂತ ಜಿಲ್ಲೆಯೊಳಗೆ ಸರಿದು ಆಮೇಲೆ ಜಿಲ್ಲಾ ಗಡಿ ದಾಟುವ ದಾರಿಗಳು. ಎರಡನೆಯದು, ಮೊದಲೇ ಗಡಿ ದಾಟಿ ಆಮೇಲೆ ಚಿತ್ರದುರ್ಗದೊಳಗೆ ಸರಿಯುವ ದಾರಿಗಳು. ವರ್ಗದ 1:6 ಅಡ್ಡಸಾಲುಗಳನ್ನೂ 7:12 ಕಂಬಸಾಲುಗಳನ್ನೂ ಕತ್ತರಿಸಿ ತೆಗೆದು ಈ ಮೊತ್ತದೊಡನೆ ‘ಈಸ್‌ಈಕ್ವಲ್’ ಆದೇಶದಿಂದ ಹೋಲಿಸಿದರೆ ಉತ್ತರ 1 ಎಂದು ಬರುತ್ತದೆ. ಪುಸ್ತಕದಲ್ಲಿ ಒಣ ಸೂತ್ರವಾಗಿ ಕಾಣುವ ನಿಯಮ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಬಹುದಾದ ಸಂಗತಿಯಾಗುವುದು ಈ ಒಂದು ಸಾಲಿನಿಂದ.

ಇನ್ನೊಂದು ಪ್ರಯೋಗವನ್ನೂ ತಪ್ಪದೆ ಮಾಡಿಸುತ್ತೇನೆ. 2×2 ನಿರ್ಧಾರಕದ (ಡಿಟರ್ಮಿನೆಂಟ್) ಸೂತ್ರವನ್ನೇ ತುಂಡುಗಳಿಗೂ ಹಚ್ಚಿ, ನಾಲ್ಕು ತುಂಡುಗಳ ನಿರ್ಧಾರಕಗಳನ್ನು ಗುಣಿಸಿ ಕಳೆದರಾಯಿತು ಎಂಬ ನಂಬಿಕೆ ವಿದ್ಯಾರ್ಥಿಗಳಲ್ಲಿ ಬಲವಾಗಿದೆ. ಅ = [1 0; 0 0], ಬ = [0 0; 1 0], ಕ = [0 1; 0 0], ಡ = [0 0; 0 1] ಎಂದು ಕೊಟ್ಟು ನಾಲ್ಕರ ನಿರ್ಧಾರಕಗಳನ್ನು ಕೇಳಿದರೆ ನಾಲ್ಕೂ ಸೊನ್ನೆ. ಆದರೆ [ಅ ಬ; ಕ ಡ] ಎಂದು ಕಟ್ಟಿ ನಿರ್ಧಾರಕ ಕೇಳಿದರೆ ಬರುವುದು −1, ಏಕೆಂದರೆ ಕಟ್ಟಿದ ಮೇಲೆ ಅದು ಎರಡು ಮತ್ತು ಮೂರನೆಯ ಅಡ್ಡಸಾಲುಗಳನ್ನು ಅದಲುಬದಲು ಮಾಡಿದ ಏಕಮಾತೃಕೆ (ಕರ್ಣದಲ್ಲಿ 1, ಉಳಿದೆಡೆ 0 ಇರುವ ಮಾತೃಕೆ). ‘ಅ’ಗೆ ವಿಲೋಮ (ಇನ್ವರ್ಸ್) ಇದ್ದಾಗ ಸರಿಯಾದ ಸೂತ್ರವೊಂದು ಸಿಗುತ್ತದೆ: ‘ಅ’ದ ನಿರ್ಧಾರಕವನ್ನು, ‘ಡ’ದಿಂದ ಕ, ಅದ ವಿಲೋಮ, ಬ ಈ ಮೂರರ ಗುಣಲಬ್ಧವನ್ನು ಕಳೆದು ಉಳಿದ ಮಾತೃಕೆಯ ನಿರ್ಧಾರಕದಿಂದ ಗುಣಿಸಬೇಕು. ಆ ಉಳಿದ ಮಾತೃಕೆಗೆ ಷೂರ್ ಕಾಂಪ್ಲಿಮೆಂಟ್ ಎಂದು ಹೆಸರು. ತಂತ್ರಾಂಶ ಇಷ್ಟು ಸಲೀಸಾಗಿ ಕಟ್ಟಿಕೊಡದಿದ್ದರೆ ಇಂಥ ಪ್ರತ್ಯುದಾಹರಣೆಯನ್ನು ತರಗತಿಯ ನಡುವೆ ಎತ್ತಿಕೊಳ್ಳುವ ಉತ್ಸಾಹ ಯಾರಿಗೂ ಬರುವುದಿಲ್ಲ.

ಇನ್ನು ದೋಷಗಳು. ಅಳತೆ ಹೊಂದದಿದ್ದಾಗ ಆಕ್ಟೇವ್ ಕೊಡುವ ಸಂದೇಶ ಚಿಕ್ಕದು, ಚೊಕ್ಕ. ‘ಗ’ದಲ್ಲಿ ಒಂದು ಅಡ್ಡಸಾಲು ಹೆಚ್ಚಾಗಿ ಬಿದ್ದಿದ್ದರೆ ‘ಹಾರಿಜಾಂಟಲ್ ಡೈಮೆನ್ಷನ್ಸ್ ಮಿಸ್‌ಮ್ಯಾಚ್’ ಎಂದು ಹೇಳಿ ಆವರಣದಲ್ಲಿ 6×6, 7×6 ಎಂಬ ಎರಡು ಅಳತೆಗಳನ್ನೂ ಮುಂದಿಡುತ್ತದೆ. ಯಾವ ಎರಡು ತುಂಡುಗಳ ನಡುವೆ ಜಗಳ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಈ ವಿಷಯದಲ್ಲಿ ಅದಕ್ಕೆ ಪೂರ್ಣ ಅಂಕ.

ತೊಂದರೆ ಇರುವುದು ಅದು ಬಾಯಿ ಬಿಡದ ಕಡೆಗಳಲ್ಲಿ. ಚೌಕ ಆವರಣದೊಳಗೆ ಖಾಲಿ ಜಾಗಕ್ಕೂ ಅಲ್ಪವಿರಾಮದ ಅಧಿಕಾರವಿದೆ. [1 -1] ಎಂದರೆ ಎರಡು ಅಂಶಗಳ ಸಾಲು, [1 - 1] ಎಂದರೆ ಒಂಟಿ ಸೊನ್ನೆ. ಜಾಲದ ಲ್ಯಾಪ್ಲಾಸಿಯನ್ ಮಾತೃಕೆಯಲ್ಲಿ (ಕರ್ಣದಲ್ಲಿ ಪ್ರತಿ ಬಿಂದುವಿನ ಸಂಬಂಧಗಳ ಸಂಖ್ಯೆ, ಸಂಬಂಧವಿರುವ ಜೋಡಿಗಳಿಗೆ −1 ಇರುವ ಮಾತೃಕೆ) ಕರ್ಣದಾಚೆಯ ತುಂಡುಗಳಿಗೆ ಋಣಚಿಹ್ನೆ ಬರುವುದರಿಂದ ಇದು ಬರೀ ಒಗಟಾಗಿ ಉಳಿಯುವುದಿಲ್ಲ. ಕರ್ಣದ ತುಂಡುಗಳನ್ನು ಲ, ವ ಎಂದುಕೊಂಡರೆ ಬೇಕಾದದ್ದು [ಲ -ಗ; -ಗ' ವ]. ಋಣಚಿಹ್ನೆಯ ಎರಡೂ ಬದಿ ಜಾಗ ಬಿಟ್ಟು [ಲ - ಗ; -ಗ' ವ] ಎಂದು ಬರೆದರೆ ಮೊದಲ ಸಾಲಿನಲ್ಲಿ ಜೋಡಣೆಯ ಬದಲು ವ್ಯವಕಲನ ನಡೆದು 6×6 ಉಳಿಯುತ್ತದೆ. ಕೆಳಗಿನ ಸಾಲು 6×12 ಇರುವುದರಿಂದ ಇಲ್ಲಿ ತಪ್ಪು ಹೊರಬೀಳುತ್ತದೆ, ಆದರೆ ಒಂದೇ ಸಾಲಿನ ಜೋಡಣೆಯಾಗಿದ್ದರೆ ಸದ್ದಿಲ್ಲದೆ ದಾಟಿಹೋಗುತ್ತದೆ. ಉದ್ಧರಣ ಚಿಹ್ನೆಯ ಹಿಂದೆ ಜಾಗ ಬಿಟ್ಟರಂತೂ ಆಕ್ಟೇವ್ ಅದನ್ನು ಅಕ್ಷರಮಾಲೆಯ ಆರಂಭವೆಂದು ಭಾವಿಸಿ ದಾರಿ ತಪ್ಪುತ್ತದೆ. ಪ್ರತಿ ತುಂಡಿನ ನಡುವೆ ಅಲ್ಪವಿರಾಮ ಹಾಕಲೇಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಖಾಲಿ ಮಾತೃಕೆಯ ಬಗ್ಗೆ ಆಕ್ಟೇವ್ ತೋರುವ ಔದಾರ್ಯವೂ ಹೀಗೆಯೇ. [ದ, []] ಎಂದರೆ ಯಾವ ಆಕ್ಷೇಪವೂ ಇಲ್ಲದೆ ‘ದ’ ಮಾತ್ರ ವಾಪಸ್ಸು ಬರುತ್ತದೆ. ಫೈಲಿನಿಂದ ಓದಬೇಕಿದ್ದ ತುಂಡು ಯಾವುದೋ ಕಾರಣಕ್ಕೆ ಖಾಲಿಯಾಗಿ ಬಂದಿದ್ದರೆ ಅದು ಅಲ್ಲಿ ಇರಲೇ ಇಲ್ಲವೇನೋ ಎಂಬಂತೆ ಲೆಕ್ಕ ಮುಂದುವರಿಯುತ್ತದೆ. ಕಟ್ಟಿದ ಕೂಡಲೇ ‘ಸೈಜ್’ ಕೇಳಿ ನೋಡುವುದು ಒಂದೇ ಪರಿಹಾರ.

ಇದಕ್ಕಿಂತ ಒಳಗೆ ಅಡಗಿರುವುದು ಅಂಕಿಗಳ ಬಗೆಗೆ ಸಂಬಂಧಿಸಿದ ನಿಯಮ. ಒಂದು ತುಂಡು ಇಂಟ್32 ಬಗೆಯ ಪೂರ್ಣಾಂಕಗಳದ್ದಾಗಿದ್ದು ಇನ್ನೊಂದು ಸಾಮಾನ್ಯ ದಶಮಾಂಶದ್ದಾಗಿದ್ದರೆ, ಜೋಡಿಸಿದ ಮಾತೃಕೆ ಪೂರ್ಣಾಂಕದ್ದೇ ಆಗುತ್ತದೆ, ತುಂಡಿನಲ್ಲಿದ್ದ 2.7 ಎಂಬುದು 3 ಆಗಿ ಕೂರುತ್ತದೆ. ಇಂಟ್8 ಆಗಿದ್ದರೆ 200 ಎಂಬ ಬೆಲೆ 127ಕ್ಕೆ ಬಂದು ನಿಲ್ಲುತ್ತದೆ. ನಂಪೈಯಲ್ಲಿ ಇದು ಸರಿಯಾಗಿ ತಿರುಗುಮುರುಗು, ಎರಡು ಬಗೆ ಕೂಡಿದರೆ ದಶಮಾಂಶವೇ ಗೆಲ್ಲುತ್ತದೆ. ಎರಡೂ ತಂತ್ರಾಂಶಗಳನ್ನು ಕಲಿಯುವ ವಿದ್ಯಾರ್ಥಿಗೆ ಈ ವ್ಯತ್ಯಾಸವನ್ನು ಮೊದಲ ವಾರದಲ್ಲೇ ಹೇಳಬೇಕು. ಈ ಒಂದು ವಿಷಯದಲ್ಲಿ ನಂಪೈ ಮಾಡಿದ್ದೇ ಸರಿ ಎಂಬುದು ನನ್ನ ಅಭಿಪ್ರಾಯ. ಮಾಹಿತಿಯನ್ನು ಕೇಳದೆ ಕತ್ತರಿಸುವ ಹಕ್ಕು ಜೋಡಣೆಯ ಆದೇಶಕ್ಕೆ ಇರಬಾರದು.

ನಂಪೈಯಲ್ಲಿ ಇದೇ ಕೆಲಸಕ್ಕೆ 2017ರ 1.13 ಆವೃತ್ತಿಯಲ್ಲಿ ‘ಬ್ಲಾಕ್’ ಎಂಬ ಫಂಕ್ಷನ್ ಬಂತು. ಪಟ್ಟಿಯೊಳಗೆ ಪಟ್ಟಿ ಇಟ್ಟು ಬ್ಲಾಕ್([[ದ, ಗ], [ಗ.ಟಿ, ಚ]]) ಎಂದು ಬರೆಯಬೇಕು. ಒಳಗಿನ ಪಟ್ಟಿಗಳು ಪಕ್ಕಕ್ಕೆ, ಹೊರಗಿನದು ಕೆಳಕ್ಕೆ ಜೋಡಿಸುತ್ತದೆ. ಅದಕ್ಕೂ ಮುಂಚಿನ ‘ಬಿಮ್ಯಾಟ್’ ಇನ್ನೂ ಇದೆಯಾದರೂ ಅದು ಕೊಡುವುದು ‘ಮ್ಯಾಟ್ರಿಕ್ಸ್’ ಎಂಬ ಹಳೆಯ ಬಗೆಯ ವಸ್ತು. ಅದರಲ್ಲಿ ನಕ್ಷತ್ರ ಚಿಹ್ನೆ ಮಾತೃಕೆಗಳ ಗುಣಾಕಾರ ಮಾಡುತ್ತದೆ, ಉಳಿದೆಲ್ಲ ಕಡೆ ಅಂಶಕ್ಕೆ ಅಂಶದ ಗುಣಾಕಾರ. ನಂಪೈಯವರೇ ಅದನ್ನು ಬಳಸಬೇಡಿ ಎನ್ನುತ್ತಾರೆ. ಹಳೆಯ ನೋಟ್ಸಿನಿಂದ ನಕಲು ಮಾಡುವವರು ಗಮನಿಸಬೇಕು.

ನಂಪೈಯ ಮುಖ್ಯ ತೊಡಕು ಒಂದು ಆಯಾಮದ ಸಾಲುಗಳದ್ದು. ನಮ್ಮ 12×12 ಮಾತೃಕೆಗೆ ಶಿವಮೊಗ್ಗ ತಾಲ್ಲೂಕನ್ನು 13ನೆಯದಾಗಿ ಸೇರಿಸಬೇಕೆಂದುಕೊಳ್ಳಿ. 12 ಅಂಶಗಳ ಒಂದು ಪಟ್ಟಿ ‘ಶ’ ಇದೆ. ಅದು ಬಲಗಡೆ ಕಂಬಸಾಲಾಗಿ, ಕೆಳಗಡೆ ಅಡ್ಡಸಾಲಾಗಿ ಕೂರಬೇಕು, ಮೂಲೆಗೆ ಸೊನ್ನೆ. ಬ್ಲಾಕ್([[ಮ, ಶ], [ಶ, 0]]) ಎಂದು ಕೊಟ್ಟರೆ ಕೆಳಗಿನ ಸಾಲು ಸರಿಹೋಗುತ್ತದೆ, ಮೇಲಿನದು ಮುರಿದುಬೀಳುತ್ತದೆ. ಒಂದು ಆಯಾಮದ ಪಟ್ಟಿಯನ್ನು ನಂಪೈ ಯಾವಾಗಲೂ 1×12 ಅಡ್ಡಸಾಲೆಂದೇ ತಿಳಿಯುತ್ತದೆ. ಬಲಗಡೆಯದನ್ನು ‘ರೀಶೇಪ್(-1, 1)’ ಎಂದು ನಿಲ್ಲಿಸಿ ಕೊಡಬೇಕು. ಆಕ್ಟೇವ್‌ನಲ್ಲಿ ಅಡ್ಡಸಾಲು ಅಡ್ಡಸಾಲೇ, ಕಂಬಸಾಲು ಕಂಬಸಾಲೇ ಆದ್ದರಿಂದ [ಮ, ಶ'; ಶ, 0] ಎಂದರೆ ಮುಗಿಯಿತು. ಹೊಸದಾಗಿ ಕಲಿಯುವವರಿಗೆ ಆಕ್ಟೇವ್ ವಾಸಿ ಎಂದು ನಾನು ವಾದಿಸುವಾಗ ಮೊದಲು ಮುಂದಿಡುವುದು ಇದೇ ಉದಾಹರಣೆಯನ್ನು.

ಆದರೂ ನಂಪೈ ಪರವಾಗಿ ಎರಡು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಅಲ್ಲಿ ಎಣಿಕೆ ಸೊನ್ನೆಯಿಂದ ಆರಂಭ, ಕೊನೆಯ ಅಂಕಿ ಲೆಕ್ಕಕ್ಕಿಲ್ಲ. ಹಾಗಾಗಿ ಎರಡು ತುಂಡುಗಳು 0:6 ಮತ್ತು 6:12. ಒಂದು ತುಂಡು ಮುಗಿಯುವ ಅಂಕಿಯೇ ಮುಂದಿನದರ ಆರಂಭ. 1:6, 7:12 ಎಂದು ಬರೆಯುವ ಆಕ್ಟೇವ್‌ಗಿಂತ ಇದು ತುಂಡುಗಳ ಕೆಲಸಕ್ಕೆ ಹೆಚ್ಚು ಒಗ್ಗುತ್ತದೆ, ಗಡಿಗಳ ಪಟ್ಟಿ ಇಟ್ಟುಕೊಂಡು ಲೂಪ್ ಬರೆಯುವಾಗ ಒಂದು ಕೂಡಿಸಿ ಒಂದು ಕಳೆಯುವ ತಲೆನೋವು ತಪ್ಪುತ್ತದೆ. ಎರಡನೆಯದಾಗಿ, ದೊಡ್ಡ ಮಾತೃಕೆಯಿಂದ ಕತ್ತರಿಸಿ ತೆಗೆದ ತುಂಡು ಅಲ್ಲಿ ನಕಲಲ್ಲ, ಮೂಲದ ಮೇಲಿನ ಕಿಟಕಿ. ಮ[0:6, 0:6] ಎಂಬುದಕ್ಕೆ ಹೆಸರಿಟ್ಟು ಅದರೊಳಗೆ ಬದಲಾಯಿಸಿದರೆ ‘ಮ’ ಕೂಡ ಬದಲಾಗುತ್ತದೆ. ತುಂಡು ತುಂಡಾಗಿ ತುಂಬಿಸುವವರಿಗೆ ಇದು ಅನುಕೂಲ. ಆದರೆ ‘ಬ್ಲಾಕ್’ನಿಂದ ಕಟ್ಟಿದ ಮೇಲೆ ಮೂಲ ‘ದ’ವನ್ನು ತಿದ್ದಿದರೆ ಕಟ್ಟಿದ್ದು ಬದಲಾಗುವುದಿಲ್ಲ, ಏಕೆಂದರೆ ಕಟ್ಟುವಾಗ ಆದದ್ದು ನಕಲು.

ತುಂಬಿಸುವ ವಿಧಾನಕ್ಕೆ ಬಂದರೆ ತಕ್ಕಡಿ ಮತ್ತೆ ಆಕ್ಟೇವ್ ಕಡೆ ವಾಲುತ್ತದೆ. ಮೊದಲು 12×12 ಸೊನ್ನೆಗಳನ್ನು ಮಾಡಿಕೊಂಡು, ಆಮೇಲೆ ಒಂದೊಂದೇ ತುಂಡನ್ನು ಅದರ ಸ್ಥಾನದಲ್ಲಿ ಇಡುವ ಪದ್ಧತಿ ಹಲವು ತುಂಡುಗಳಿದ್ದಾಗ ಒಳ್ಳೆಯದು. ಲೂಪಿನೊಳಗೆ ಮ = [ಮ; ಹೊಸಸಾಲು] ಎಂದು ಬೆಳೆಸುತ್ತ ಹೋದರೆ ಪ್ರತಿ ಸಲವೂ ಹಳೆಯದೆಲ್ಲ ಹೊಸ ಜಾಗಕ್ಕೆ ನಕಲಾಗುವುದರಿಂದ ದೊಡ್ಡ ಮಾತೃಕೆಗಳಲ್ಲಿ ಅದು ಬಹಳ ನಿಧಾನ. 6×6 ಜಾಗಕ್ಕೆ ತಪ್ಪಿ 1×6 ಸಾಲನ್ನು ಇಡಹೋದರೆ ಆಕ್ಟೇವ್ ಅಳತೆ ಹೊಂದುವುದಿಲ್ಲ ಎಂದು ನಿಲ್ಲುತ್ತದೆ. ನಂಪೈ ಅದೇ ಸಾಲನ್ನು ಆರೂ ಅಡ್ಡಸಾಲುಗಳಿಗೆ ನಕಲು ಮಾಡಿ ತುಂಬಿ ಸುಮ್ಮನಾಗುತ್ತದೆ. ‘ಬ್ಲಾಕ್’ ಫಂಕ್ಷನ್ನಿನಲ್ಲಿ ಅಷ್ಟೊಂದು ಕಟ್ಟುನಿಟ್ಟಾಗಿರುವ ತಂತ್ರಾಂಶ ಇಲ್ಲಿ ಇಷ್ಟು ಸಡಿಲವಾಗಿರುವುದು ನನಗೆ ಒಗ್ಗದ ಸಂಗತಿ.

ಸೇಜ್‌ಮ್ಯಾತ್ ಬಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು, ಆದರೆ ಹೇಳುವುದೆಲ್ಲ ಹೊಗಳಿಕೆಯೇ. ವಿಲಿಯಂ ಸ್ಟೈನ್ 2005ರಲ್ಲಿ ಆರಂಭಿಸಿದ ಈ ತಂತ್ರಾಂಶದ ‘ಬ್ಲಾಕ್_ಮ್ಯಾಟ್ರಿಕ್ಸ್’, ಸೊನ್ನೆಯ ತುಂಡು ಬೇಕಾದ ಕಡೆ ಬರೀ 0 ಎಂದು ಬರೆದರೂ ಅಕ್ಕಪಕ್ಕದ ತುಂಡುಗಳಿಂದ ಅಳತೆಯನ್ನು ತಾನೇ ಊಹಿಸಿಕೊಂಡು ಹಿಗ್ಗಿಸುತ್ತದೆ. ಚೌಕ ಜಾಗದಲ್ಲಿ 1 ಎಂದರೆ ಏಕಮಾತೃಕೆ. ಆಕ್ಟೇವ್, ನಂಪೈ ಎರಡೂ ಆ 0ಯನ್ನು 1×1 ಎಂದೇ ತಿಳಿದು ದೋಷ ಹೇಳುತ್ತವೆ, ಸೊನ್ನೆಗಳ ಮಾತೃಕೆಯನ್ನು ಅಳತೆ ಹೇಳಿ ನಾವೇ ಮಾಡಿಕೊಡಬೇಕು. ಸೇಜ್ ಅಚ್ಚು ಮಾಡುವಾಗ ತುಂಡುಗಳ ನಡುವೆ ಅಡ್ಡ ಉದ್ದ ಗೆರೆಗಳನ್ನೂ ಎಳೆದು ತೋರಿಸುತ್ತದೆ. ಇದು ಕಣ್ಣಿಗೆ ಹಬ್ಬ ಮಾತ್ರವಲ್ಲ, ಯಾವ ಅಂಕಿ ಯಾವ ತುಂಡಿನದೆಂದು ವಿದ್ಯಾರ್ಥಿ ಎಣಿಸುತ್ತ ಕೂರುವುದನ್ನು ತಪ್ಪಿಸುತ್ತದೆ. ಭಿನ್ನರಾಶಿಗಳನ್ನು ಭಿನ್ನರಾಶಿಗಳಾಗಿಯೇ ಉಳಿಸುವುದರಿಂದ ಷೂರ್ ಕಾಂಪ್ಲಿಮೆಂಟಿನ ಲೆಕ್ಕವನ್ನು ಪುಸ್ತಕದ ಉತ್ತರದೊಂದಿಗೆ ನೇರವಾಗಿ ತಾಳೆ ನೋಡಬಹುದು. ಅಡ್ಡಿಯೆಂದರೆ ಗಾತ್ರ. ವಿಂಡೋಸ್ ಕಂಪ್ಯೂಟರುಗಳಲ್ಲಿ ಡಬ್ಲ್ಯೂಎಸ್‌ಎಲ್ (ವಿಂಡೋಸ್ ಒಳಗೆ ಲಿನಕ್ಸ್ ನಡೆಸುವ ಸೌಲಭ್ಯ) ಮೂಲಕ ಅಳವಡಿಸಬೇಕಾಗುವುದರಿಂದ ಲ್ಯಾಬಿನ ಎಲ್ಲ ಯಂತ್ರಗಳಿಗೂ ಹಾಕುವುದು ಸುಲಭದ ಮಾತಲ್ಲ. ನಾನು ಅದನ್ನು ಪ್ರೊಜೆಕ್ಟರಿಗೆ ಜೋಡಿಸಿದ ಯಂತ್ರದಲ್ಲಿ ಮಾತ್ರ ಇಟ್ಟುಕೊಂಡಿದ್ದೇನೆ.

ದೊಡ್ಡ ಲೆಕ್ಕಗಳಿಗೆ ಬಂದಾಗ ತುಂಡುಗಳನ್ನು ಕೈಯಿಂದ ಜೋಡಿಸುವುದೇ ಅಸಾಧ್ಯ. ಚೌಕ ತಗಡಿನ ಮೇಲಿನ ಉಷ್ಣತೆಯನ್ನು 100×100 ಬಿಂದುಗಳ ಜಾಲದಲ್ಲಿ ಕಂಡುಹಿಡಿಯಬೇಕಾದರೆ ಅಜ್ಞಾತಗಳು 10,000, ಮಾತೃಕೆ 10,000×10,000. ಒಂದು ಅಂಶಕ್ಕೆ 8 ಬೈಟ್‌ನಂತೆ ಅಷ್ಟನ್ನೂ ಕಾದಿರಿಸಿದರೆ 80 ಕೋಟಿ ಬೈಟ್, ಎಂದರೆ ಸುಮಾರು 800 ಎಂಬಿ. ಆದರೆ ಅದರಲ್ಲಿ ಸೊನ್ನೆಯಲ್ಲದ ಅಂಶಗಳು 49,600 ಮಾತ್ರ. ಆಕ್ಟೇವ್‌ನಲ್ಲಿ 2 ಮತ್ತು −1ಗಳ 100×100 ಮೂರು ಪಟ್ಟಿಯ ಮಾತೃಕೆ ‘ಟ’ವನ್ನು ಸ್ಪಾರ್ಸ್ ಆಗಿ (ಸೊನ್ನೆಯಲ್ಲದ ಅಂಶಗಳನ್ನಷ್ಟೇ ಕಾದಿರಿಸುವಂತೆ) ಮಾಡಿಕೊಂಡು, ‘ಕ್ರಾನ್’ ಆದೇಶವನ್ನು ಎರಡು ಸಲ ಬಳಸಿ, ಏಕಮಾತೃಕೆ ಮತ್ತು ‘ಟ’, ‘ಟ’ ಮತ್ತು ಏಕಮಾತೃಕೆ, ಈ ಎರಡು ಕ್ರಾನೆಕರ್ ಗುಣಲಬ್ಧಗಳನ್ನು (ಮೊದಲ ಮಾತೃಕೆಯ ಪ್ರತಿ ಅಂಶದ ಜಾಗದಲ್ಲಿ, ಆ ಅಂಶದಿಂದ ಗುಣಿಸಿದ ಎರಡನೆಯ ಮಾತೃಕೆಯನ್ನು ಇಡೀ ಕೂರಿಸಿದ್ದು) ಕೂಡಿಸಿದರೆ ಇಡೀ ಮಾತೃಕೆ ಒಂದೇ ಸಾಲಿನಲ್ಲಿ ಸಿದ್ಧ. ಕರ್ಣದುದ್ದಕ್ಕೂ 4ಗಳಿರುವ ತುಂಡುಗಳು, ಅವುಗಳ ಅಕ್ಕಪಕ್ಕ ಋಣ ಏಕಮಾತೃಕೆಗಳು ತಾವಾಗಿಯೇ ಬಂದು ಕೂರುತ್ತವೆ, ಹಿಡಿಯುವ ಜಾಗ ಒಂದು ಎಂಬಿಗೂ ಕಡಿಮೆ. 100ರ ಬದಲು 3 ಇಟ್ಟು 9×9 ಮಾತೃಕೆಯನ್ನು ಪರದೆಯ ಮೇಲೆ ಮೊದಲು ನೋಡಿಕೊಂಡರೆ ರಚನೆ ಅರ್ಥವಾಗುತ್ತದೆ. ಸ್ಪಾರ್ಸ್ ತುಂಡನ್ನು ಸಾಮಾನ್ಯ ತುಂಡಿನೊಡನೆ ಚೌಕ ಆವರಣದಲ್ಲಿ ಜೋಡಿಸಿದರೂ ಆಕ್ಟೇವ್ ಫಲಿತವನ್ನು ಸ್ಪಾರ್ಸ್ ಆಗಿಯೇ ಉಳಿಸುತ್ತದೆ. ಪೈಥಾನ್‌ನಲ್ಲಿ ಈ ಕೆಲಸಕ್ಕೆ ನಂಪೈ ಬಿಟ್ಟು ಸೈಪೈಯ ಸ್ಪಾರ್ಸ್ ವಿಭಾಗಕ್ಕೆ ಹೋಗಬೇಕು. ಅಲ್ಲಿನ ‘ಬಿಮ್ಯಾಟ್’ನಲ್ಲಿ ಸೊನ್ನೆಯ ತುಂಡಿಗೆ ‘ನನ್’ ಎಂದು ಬರೆದರೆ ಸಾಕು ಎಂಬುದು ಅದರ ಹೆಚ್ಚುಗಾರಿಕೆ.

ಈ ಎಲ್ಲ ತಂತ್ರಾಂಶಗಳಿಗೂ ಸಮಾನವಾದ ಒಂದು ಕೊರತೆಯನ್ನು ನಮ್ಮ ಜಿಲ್ಲೆಯ ಉದಾಹರಣೆಯೇ ಎತ್ತಿ ತೋರಿಸುತ್ತದೆ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು, ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿ, ಬಳ್ಳಾರಿಯಿಂದ ಹರಪನಹಳ್ಳಿ ಬಂದು ಸೇರಿದ್ದವು. 2018ರಲ್ಲಿ ಹರಪನಹಳ್ಳಿ ಮರಳಿ ಬಳ್ಳಾರಿಗೆ ಹೋಯಿತು, ಈಗ ಅದು ವಿಜಯನಗರ ಜಿಲ್ಲೆಯಲ್ಲಿದೆ. ಹೊನ್ನಾಳಿಯಿಂದ ಬೇರೆಯಾಗಿ ನ್ಯಾಮತಿ ತಾಲ್ಲೂಕಾಯಿತು. ಹಳೆಯ ಪಟ್ಟಿಯಲ್ಲೂ 6, ಹೊಸ ಪಟ್ಟಿಯಲ್ಲೂ 6. ‘ದ’ವನ್ನು ಹೊಸ ಪಟ್ಟಿಯಿಂದ, ‘ಗ’ವನ್ನು ಹಳೆಯ ದಾಖಲೆಯಿಂದ ತೆಗೆದುಕೊಂಡವರ ಜೋಡಣೆಯನ್ನು ಆಕ್ಟೇವ್, ನಂಪೈ, ಸೇಜ್ ಮೂರೂ ಒಪ್ಪಿಕೊಳ್ಳುತ್ತವೆ, ಗುಣಾಕಾರವೂ ನಡೆಯುತ್ತದೆ, ಹರಪನಹಳ್ಳಿಯ ಅಂಕಿಗಳು ನ್ಯಾಮತಿಯ ಸಾಲಿನಲ್ಲಿ ಕುಳಿತುಬಿಡುತ್ತವೆ. ಅಳತೆ ಹೊಂದಿದರೆ ಸಾಕು ಎಂಬುದಷ್ಟೇ ಈ ಆದೇಶಗಳ ತಪಾಸಣೆ. ಸಾಲು ಯಾರದೆಂದು ಅವು ಕೇಳುವುದಿಲ್ಲ.

ಹೆಸರಿರುವ ಸಾಲುಗಳನ್ನು ಜೋಡಿಸುವವರು ಆ ಹಂತವನ್ನು ಮಾತ್ರ ಪೈಥಾನ್‌ನ ಕೋಷ್ಟಕಗಳ ಲೈಬ್ರರಿಯಾದ ಪಾಂಡಾಸ್‌ನಲ್ಲಿ ಮಾಡುವುದು ಒಳ್ಳೆಯದು. ಅಲ್ಲಿ ಪ್ರತಿ ಅಡ್ಡಸಾಲಿಗೂ ತಾಲ್ಲೂಕಿನ ಹೆಸರನ್ನೇ ಕೊಟ್ಟು ‘ಕಾನ್‌ಕ್ಯಾಟ್’ನಿಂದ ಪಕ್ಕಕ್ಕೆ ಜೋಡಿಸಿದರೆ ಹೊಂದಾಣಿಕೆ ನಡೆಯುವುದು ಸ್ಥಾನದಿಂದಲ್ಲ, ಹೆಸರಿನಿಂದ. ಹಳೆಯದೂ ಹೊಸದೂ ಬೆರೆತಿದ್ದರೆ ಹರಪನಹಳ್ಳಿಗೊಂದು, ನ್ಯಾಮತಿಗೊಂದು ಬೇರೆ ಬೇರೆ ಸಾಲು ಬಂದು ಒಟ್ಟು 7 ಆಗುತ್ತವೆ, ಮಾಹಿತಿ ಇಲ್ಲದ ಕಡೆ ‘ನ್ಯಾನ್’ ಎಂದು ಎದ್ದು ಕಾಣುತ್ತದೆ. ಹೆಸರಿನ ಕಾಗುಣಿತ ಮಾತ್ರ ಎಲ್ಲ ಕಡೆ ಒಂದೇ ಇರಬೇಕು. ಮೊಳಕಾಲ್ಮೂರು ಒಂದು ಕಡೆ, ಮೊಳಕಾಲ್ಮುರು ಇನ್ನೊಂದು ಕಡೆ ಎಂದಾದರೆ ಅದೂ ಎರಡು ತಾಲ್ಲೂಕೇ. ‘ನ್ಯಾನ್’ಗಳೆಲ್ಲ ತೀರಿದ ಮೇಲೆ ಹೆಸರುಗಳನ್ನು ಕಳಚಿ, ಬರೀ ಅಂಕಿಗಳನ್ನು ಸಿಎಸ್‌ವಿ ಫೈಲಾಗಿ ಉಳಿಸಿ, ಆಕ್ಟೇವ್‌ನ ‘ಸಿಎಸ್‌ವಿರೀಡ್’ನಿಂದ ಓದಿಕೊಂಡು ಮುಂದಿನ ಲೆಕ್ಕ ಮಾಡಬಹುದು.